ಸುನಾಮಿಯ ಮುಂದೆ ನಿಂತ ಕಟ್ಟಡಗಳು

ಇಂಡೊನೇಷ್ಯಾ ದೇಶದ ಸುಮಾತ್ರಾ ದ್ವೀಪದ ವಾಯವ್ಯ ತುದಿಯಲ್ಲಿ ಲಾಂಪೂಕ್ ಎಂಬ ಒಂದು ಕಡಲತೀರದ ಹಳ್ಳಿಯಿದೆ. 2004ನೆಯ ಇಸವಿ ಡಿಸೆಂಬರ್ 26ರ ಬೆಳಗಿನವರೆಗೆ ಅಲ್ಲಿ ಮನೆಗಳಿದ್ದವು, ಅಂಗಡಿಗಳಿದ್ದವು, ಮರಗಳ ನೆರಳಿನಲ್ಲಿ ಓಣಿಗಳಿದ್ದವು. ಅಂದು ಮಧ್ಯಾಹ್ನದ ವೇಳೆಗೆ ಅವೊಂದೂ ಉಳಿದಿರಲಿಲ್ಲ. ಕಣ್ಣು ಹರಿಯುವಷ್ಟು ದೂರವೂ ಕೆಸರು, ಮುರಿದ ಮರಗಳು, ಮನೆಗಳಿದ್ದ ಕಡೆ ಬರಿಯ ತಳಪಾಯದ ಗುರುತುಗಳು. ಇವುಗಳ ನಡುವೆ ಒಂದೇ ಒಂದು ಕಟ್ಟಡ ಮಾತ್ರ ನಿಂತಿತ್ತು. ಅದು ಕಡಲಿನಿಂದ ಸುಮಾರು ಅರ್ಧ ಕಿಲೋಮೀಟರು ದೂರದಲ್ಲಿದ್ದ ರಹಮತುಲ್ಲಾ ಮಸೀದಿ. ಅದರ ಗೋಡೆಗಳು ಒಡೆದಿದ್ದವು. ಕೆಲವು ಕಂಬಗಳು ಮುರಿದಿದ್ದವು. ಆದರೂ ಛಾವಣಿ ಕುಸಿದಿರಲಿಲ್ಲ, ಗುಮ್ಮಟವೂ ಉಳಿದಿತ್ತು.

ಭಕ್ತರು ಇದನ್ನು ದೇವರ ಕೃಪೆ ಎಂದರು. ಅವರ ನಂಬಿಕೆಯನ್ನು ಗೌರವಿಸುತ್ತಲೇ ಎಂಜಿನಿಯರುಗಳು ಮತ್ತೊಂದು ಪ್ರಶ್ನೆಯನ್ನು ಹಾಕಿಕೊಂಡರು. ಬಂದ ಅಲೆ ಒಂದೇ, ನೆಲವೂ ಒಂದೇ. ಹೀಗಿರುವಾಗ ಸುತ್ತಲಿನ ಮನೆಗಳೆಲ್ಲ ನೆಲಸಮವಾಗಿ ಒಂದು ಕಟ್ಟಡ ಮಾತ್ರ ನಿಂತುದು ಹೇಗೆ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಜಗತ್ತಿನ ಕೋಟ್ಯಂತರ ಜನರು ಕಡಲಿನ ಅಂಚಿನಲ್ಲಿಯೇ ಬಾಳುತ್ತಿದ್ದಾರೆ. ಅಲೆಯ ಮುಂದೆ ಯಾವ ಕಟ್ಟಡ ನಿಲ್ಲುವುದು, ಯಾವುದು ಬೀಳುವುದು ಎಂಬ ತಿಳಿವಳಿಕೆಯ ಮೇಲೆ ಅವರ ಪ್ರಾಣವೇ ನಿಂತಿದೆ. ಈ ತಿಳಿವಳಿಕೆಯನ್ನು ಪಡೆಯಬೇಕಾದರೆ ಮೊದಲು ಸುನಾಮಿ ಎಂದರೇನು ಎಂಬುದನ್ನು ಅರಿಯಬೇಕು.

ಸುನಾಮಿ ಎಂಬುದು ಜಪಾನೀ ಭಾಷೆಯ ಶಬ್ದ. ‘ತ್ಸು’ ಎಂದರೆ ಬಂದರು. ‘ನಾಮಿ’ ಎಂದರೆ ಅಲೆ. ಬೆಸ್ತರು ದೂರದ ಕಡಲಿನಲ್ಲಿರುವಾಗ ಅವರ ಅರಿವಿಗೇ ಬಾರದೆ ದೋಣಿಗಳ ಅಡಿಯಲ್ಲಿ ಹಾದುಹೋದ ಅಲೆಯು, ಅವರು ಮರಳಿ ಬರುವಷ್ಟರಲ್ಲಿ ಬಂದರನ್ನು ಹಾಳುಗೆಡವಿರುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಸಾಮಾನ್ಯವಾದ ಅಲೆಗಳು ಗಾಳಿಯಿಂದ ಹುಟ್ಟುತ್ತವೆ. ಅವು ಕಡಲಿನ ಮೇಲ್ಪದರವನ್ನು ಮಾತ್ರ ಕಲಕುತ್ತವೆ; ಒಂದರ ಹಿಂದೆ ಒಂದು ಕೆಲವೇ ಸೆಕೆಂಡುಗಳ ಅಂತರದಲ್ಲಿ ದಡಕ್ಕೆ ಬಂದು ಒಡೆದು ಹಿಂದಿರುಗುತ್ತವೆ. ಸುನಾಮಿಯು ಹುಟ್ಟುವುದು ಬೇರೆಯ ಬಗೆಯಲ್ಲಿ. ಕಡಲಿನ ತಳದಲ್ಲಿ ಭೂಕಂಪವಾಗಿ ನೆಲವು ಒಮ್ಮೆಲೇ ಮೇಲೇರಿದಾಗ ಅಥವಾ ಕೆಳಗಿಳಿದಾಗ ಅದರ ಮೇಲಿರುವ ಇಡೀ ಜಲರಾಶಿಯು ಸ್ಥಾನಪಲ್ಲಟಗೊಳ್ಳುತ್ತದೆ. ತಳದಿಂದ ಮೇಲ್ಮೈಯವರೆಗಿನ ನೀರೆಲ್ಲವೂ ಚಲಿಸತೊಡಗುತ್ತದೆ. ಇಂತಹ ಅಲೆಯ ಒಂದು ಉಬ್ಬಿಗೂ ಮುಂದಿನ ಉಬ್ಬಿಗೂ ನಡುವೆ ನೂರಾರು ಕಿಲೋಮೀಟರುಗಳ ಅಂತರವಿರಬಹುದು. ಅವು ದಡವನ್ನು ಮುಟ್ಟುವ ನಡುವಿನ ಅವಧಿ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೂ ಇರಬಹುದು.

ಸುನಾಮಿಯ ವೇಗವು ಕಡಲಿನ ಆಳವನ್ನು ಅವಲಂಬಿಸಿದೆ. ಆಳವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿ ವರ್ಗಮೂಲವನ್ನು ತೆಗೆದರೆ ವೇಗವು ದೊರೆಯುತ್ತದೆ. 4,000 ಮೀಟರು ಆಳದ ಕಡಲಿನಲ್ಲಿ ಅದು ಗಂಟೆಗೆ ಸುಮಾರು 700 ಕಿಲೋಮೀಟರು. ಅಂದರೆ ಹೆಚ್ಚುಕಡಮೆ ವಿಮಾನದ ವೇಗ. ಆಳವು 10 ಮೀಟರಿಗೆ ಇಳಿದಾಗ ವೇಗವು ಗಂಟೆಗೆ ಸುಮಾರು 36 ಕಿಲೋಮೀಟರಿಗೆ ಇಳಿಯುತ್ತದೆ. ಮುಂದಿನ ನೀರು ನಿಧಾನಗೊಂಡಾಗ ಹಿಂದಿನಿಂದ ವೇಗವಾಗಿ ಬರುತ್ತಿರುವ ನೀರು ಅದರ ಮೇಲೆ ಒತ್ತರಿಸಿಕೊಂಡು ಬರುತ್ತದೆ. ಆದುದರಿಂದಲೇ ನಡುಗಡಲಿನಲ್ಲಿ ಒಂದು ಮೀಟರಿಗಿಂತಲೂ ಕಡಮೆ ಎತ್ತರವಿದ್ದ ಅಲೆ ದಡದಲ್ಲಿ ಹತ್ತಾರು ಮೀಟರು ಏರಬಲ್ಲದು. 2004ರ ಭೂಕಂಪವಾದ ಸುಮಾರು ಎರಡು ಗಂಟೆಗಳ ಬಳಿಕ ಜೇಸನ್-1 ಎಂಬ ಉಪಗ್ರಹವು ಹಿಂದೂ ಮಹಾಸಾಗರದ ಮೇಲೆ ಹಾದುಹೋಗುತ್ತಾ ಅಲೆಯನ್ನು ಅಳೆಯಿತು. ಆಗ ಅದರ ಎತ್ತರ ಸುಮಾರು 60 ಸೆಂಟಿಮೀಟರು ಮಾತ್ರ. ಅದೇ ಸುನಾಮಿಯ ನೀರು ಲಾಂಪೂಕಿನ ಸಮೀಪದ ಗುಡ್ಡಗಳಲ್ಲಿ 30 ಮೀಟರಿಗೂ ಮೇಲಕ್ಕೆ ಏರಿತ್ತು.

ಆ ದಿನ ಭಾರತೀಯ ಕಾಲಮಾನ ಬೆಳಿಗ್ಗೆ 6 ಗಂಟೆ 29 ನಿಮಿಷಕ್ಕೆ ಸಂಭವಿಸಿದ ಭೂಕಂಪದ ಪ್ರಮಾಣ 9.1. ಸುಮಾತ್ರಾದಿಂದ ಅಂಡಮಾನಿನವರೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಕಡಲತಳವು ಬಿರಿದು ಸರಿಯಿತು. ಸುಮಾರು ಎರಡೂವರೆ ಗಂಟೆಯ ಅವಧಿಯಲ್ಲಿ ಅಲೆಗಳು ಬಂಗಾಳ ಕೊಲ್ಲಿಯನ್ನು ದಾಟಿ ತಮಿಳುನಾಡಿನ ತೀರವನ್ನು ಮುಟ್ಟಿದವು. ನಾಗಪಟ್ಟಣದ ಕರಾವಳಿಯಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ ಒಟ್ಟು ಎರಡು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಮೃತರಾದರು.

ದಡಕ್ಕೆ ಬಂದ ಸುನಾಮಿ ಚಿತ್ರಗಳಲ್ಲಿ ಕಾಣುವಂತೆ ಬಾಗಿದ ಹೆಡೆಯ ಅಲೆಯಾಗಿರುವುದು ಅಪರೂಪ. ಅನೇಕ ಸಲ ಅದು ತುಂಬಿ ಬಂದ ಹೊಳೆಯಂತೆ ನೆಲದ ಮೇಲೆ ನುಗ್ಗುತ್ತದೆ. ಹಲವು ನಿಮಿಷಗಳ ಕಾಲ ಏರುತ್ತಲೇ ಇರುತ್ತದೆ. ಈ ಪ್ರವಾಹಕ್ಕೆ ಎದುರಾಗಿ ನಿಂತ ಕಟ್ಟಡದ ಮೇಲೆ ಒಂದಲ್ಲ, ಹಲವು ಬಲಗಳು ಒಟ್ಟಿಗೆ ಪ್ರಯೋಗವಾಗುತ್ತವೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಕಟ್ಟಡಗಳ ಅಳಿವು ಉಳಿವಿನ ರಹಸ್ಯ ತಿಳಿಯುತ್ತದೆ.

ಮೊದಲನೆಯದು ನಿಂತ ನೀರಿನ ಒತ್ತಡ. ನೀರು ಚಲಿಸದೆ ಇದ್ದರೂ ತನ್ನ ತೂಕದಿಂದಲೇ ಗೋಡೆಯನ್ನು ತಳ್ಳುತ್ತದೆ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದರಿಂದ ಗೋಡೆಯ ಬುಡಕ್ಕೆ ಹೆಚ್ಚು ಒತ್ತಡ ಬೀಳುತ್ತದೆ. ಒಂದು ಘನಮೀಟರು ನೀರಿನ ತೂಕ ಒಂದು ಟನ್ನು. ಒಂದು ಮೀಟರು ಅಗಲದ ಗೋಡೆಯ ಮುಂದೆ ಒಂದು ಮೀಟರು ನೀರು ನಿಂತರೆ ಅದು ತಳ್ಳುವ ಬಲವು ಅರ್ಧ ಟನ್ನು ತೂಕದಷ್ಟು. ನೀರು ಎರಡು ಮೀಟರು ಏರಿದರೆ ಬಲವು ಇಮ್ಮಡಿಯಲ್ಲ, ನಾಲ್ಮಡಿಯಾಗಿ ಎರಡು ಟನ್ನು ಆಗುತ್ತದೆ. ಮೂರು ಮೀಟರು ಏರಿದರೆ ನಾಲ್ಕೂವರೆ ಟನ್ನು. ಐದು ಮೀಟರು ಉದ್ದದ ಒಂದು ಕೋಣೆಯ ಗೋಡೆಯ ಹೊರಗೆ ಮೂರು ಮೀಟರು ನೀರು ನಿಂತು ಒಳಗೆ ಬರಿದಾಗಿದ್ದರೆ, ಆ ಗೋಡೆಯನ್ನು ತಳ್ಳುವ ಬಲ ಇಪ್ಪತ್ತೆರಡೂವರೆ ಟನ್ನು. ಅಂದರೆ ಸುಮಾರು ಐದು ಆನೆಗಳ ತೂಕ. ಸಾಮಾನ್ಯವಾದ ಇಟ್ಟಿಗೆಯ ಗೋಡೆ ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಪಕ್ಕದಿಂದ ಬರುವ ಇಂತಹ ನೂಕನ್ನು ತಾಳಲಾರದು. ಆದರೆ ಬಾಗಿಲು ಕಿಟಕಿಗಳ ಮೂಲಕ ನೀರು ಒಳಗೂ ತುಂಬಿದರೆ ಎರಡೂ ಕಡೆಯ ಒತ್ತಡಗಳು ಒಂದನ್ನೊಂದು ಸರಿದೂಗಿಸುತ್ತವೆ. ನೀರನ್ನು ತಡೆಯುವ ಕಟ್ಟಡಕ್ಕಿಂತ ನೀರಿಗೆ ದಾರಿ ಬಿಡುವ ಕಟ್ಟಡಕ್ಕೆ ಅಪಾಯ ಕಡಮೆ ಎಂಬ ಸಂಗತಿ ಇಲ್ಲಿಯೇ ಸ್ಪಷ್ಟವಾಗುತ್ತದೆ.

ಎರಡನೆಯದು ಮೇಲಕ್ಕೆ ತಳ್ಳುವ ಬಲ. ದ್ರವದಲ್ಲಿ ಮುಳುಗಿದ ವಸ್ತುವು ತಾನು ಸ್ಥಳಾಂತರಿಸಿದ ದ್ರವದ ತೂಕದಷ್ಟು ಬಲದಿಂದ ಮೇಲಕ್ಕೆ ತಳ್ಳಲ್ಪಡುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಈ ತತ್ತ್ವವು ಹಡಗಿಗೆ ಅನ್ವಯಿಸುವಂತೆ ಮನೆಗೂ ಅನ್ವಯಿಸುತ್ತದೆ. ಹತ್ತು ಮೀಟರು ಉದ್ದ, ಎಂಟು ಮೀಟರು ಅಗಲದ ಮನೆಯ ಸುತ್ತ ಎರಡು ಮೀಟರು ನೀರು ಏರಿ, ಒಳಗೆ ನೀರು ಬಾರದಿದ್ದರೆ, ಸ್ಥಳಾಂತರಗೊಂಡ ನೀರು 160 ಘನಮೀಟರು. ಮನೆಯ ಅಡಿಗೂ ನೀರು ಹೊಕ್ಕರೆ 160 ಟನ್ನುಗಳಷ್ಟು ಬಲವು ಅದನ್ನು ಮೇಲೆತ್ತಲು ಹವಣಿಸುತ್ತದೆ. ಹಗುರವಾದ ಮರದ ಮನೆಗಳು ತಳಪಾಯದಿಂದ ಕಿತ್ತು ದೋಣಿಗಳಂತೆ ತೇಲಿಹೋಗುವುದಕ್ಕೆ ಇದೇ ಕಾರಣ. ಕಾಂಕ್ರೀಟು ತೇಲದಿದ್ದರೂ ನೀರಿನಲ್ಲಿ ಮುಳುಗಿದಾಗ ತನ್ನ ತೂಕದ ನೂರಕ್ಕೆ ನಲವತ್ತು ಭಾಗವನ್ನು ಕಳೆದುಕೊಂಡಂತೆ ವರ್ತಿಸುತ್ತದೆ. ಕೋಣೆಗಳಲ್ಲಿ ಛಾವಣಿಯ ಕೆಳಗೆ ಗಾಳಿ ಸಿಕ್ಕಿಕೊಂಡರಂತೂ ಕಟ್ಟಡ ಇನ್ನಷ್ಟು ಹಗುರಾಗುತ್ತದೆ. ಹಗುರಾದ ಕಟ್ಟಡಕ್ಕೆ ನೆಲದ ಮೇಲಿನ ಹಿಡಿತ ಸಡಿಲವಾಗುತ್ತದೆ. ಆಗ ಪಕ್ಕದ ನೂಕು ಅದನ್ನು ಸುಲಭವಾಗಿ ಉರುಳಿಸುತ್ತದೆ. ಸುಮಾತ್ರಾದ ಪಶ್ಚಿಮ ಕರಾವಳಿಯಲ್ಲಿ ಅನೇಕ ಸೇತುವೆಗಳ ಹಾಸುಗಳು ಕಂಬಗಳ ಮೇಲಿನಿಂದ ಕೊಚ್ಚಿಹೋದುದರಲ್ಲಿ ಈ ಎರಡು ಬಲಗಳ ಕೈವಾಡವೂ ಇತ್ತು.

ಮೂರನೆಯದು ಹರಿಯುವ ನೀರಿನ ತಳ್ಳುವಿಕೆ. ಸುನಾಮಿಯ ಬಲಗಳಲ್ಲಿ ಇದು ಬಹಳ ಮುಖ್ಯವಾದುದು. ಹರಿವಿಗೆ ಅಡ್ಡ ನಿಂತ ವಸ್ತುವಿನ ಮೇಲೆ ನೀರು ಪ್ರಯೋಗಿಸುವ ಬಲವು ನೀರಿನ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ವಸ್ತುವಿನ ಎದುರುಮೈಯ ವಿಸ್ತಾರವನ್ನೂ ಅವಲಂಬಿಸಿದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಸೆಕೆಂಡಿಗೆ 5 ಮೀಟರು, ಅಂದರೆ ಗಂಟೆಗೆ 18 ಕಿಲೋಮೀಟರು ವೇಗವನ್ನು ತೆಗೆದುಕೊಳ್ಳೋಣ. ಸೈಕಲ್ ಸವಾರನೊಬ್ಬನು ಸ್ವಲ್ಪ ಬಿರುಸಾಗಿ ಹೋಗುವ ವೇಗವಿದು. ಈ ವೇಗದ ನೀರು ಚಪ್ಪಟೆಯಾದ ಗೋಡೆಯ ಒಂದೊಂದು ಚದರ ಮೀಟರನ್ನೂ ಎರಡು ಟನ್ನಿಗೂ ಹೆಚ್ಚಿನ ಬಲದಿಂದ ತಳ್ಳಬಲ್ಲದು. ಗಾಳಿಗಿಂತ ನೀರು ಸುಮಾರು ಎಂಟುನೂರು ಪಟ್ಟು ಸಾಂದ್ರವಾದುದು. ಆದುದರಿಂದ ಇದೇ ಒತ್ತಡವನ್ನು ಗಾಳಿಯು ಉಂಟುಮಾಡಬೇಕಾದರೆ ಅದು ಗಂಟೆಗೆ 500 ಕಿಲೋಮೀಟರು ವೇಗದಲ್ಲಿ ಬೀಸಬೇಕು. ಅತಿ ಭೀಕರವಾದ ಚಂಡಮಾರುತವೂ ಅಷ್ಟು ವೇಗವನ್ನು ಮುಟ್ಟುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿಯೇ ಮನುಷ್ಯರು ಕಾಲೂರಲಾರದೆ ಬೀಳುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ಈ ಬಲದ ಮೇಲೆ ವಸ್ತುವಿನ ಆಕಾರವೂ ಪ್ರಭಾವ ಬೀರುತ್ತದೆ. ಹೊಳೆಯ ನಡುವೆ ನಿಂತ ಗುಂಡನೆಯ ಕಂಬದ ಎರಡೂ ಬದಿಗಳಲ್ಲಿ ನೀರು ನುಣುಚಿಕೊಂಡು ಹೋಗುತ್ತದೆ. ಚೌಕನೆಯ ಕಂಬಕ್ಕೆ ಅದು ನೇರವಾಗಿ ಅಪ್ಪಳಿಸುತ್ತದೆ. ಹರಿವಿಗೆ ಅಡ್ಡಲಾಗಿ ನಿಂತ ಉದ್ದನೆಯ ಗೋಡೆ ಹೆಚ್ಚಿನ ಬಲಕ್ಕೆ ಗುರಿಯಾಗುತ್ತದೆ. ಹರಿವಿನ ದಿಕ್ಕಿಗೆ ಸಮಾನಾಂತರವಾಗಿರುವ ಗೋಡೆ ಬಹುಮಟ್ಟಿಗೆ ಪಾರಾಗುತ್ತದೆ. ಪ್ರವಾಹದ ಮುಂಚೂಣಿಯ ನೀರು ಬಂದು ಬಡಿದ ಆ ಮೊದಲ ಕ್ಷಣದಲ್ಲಿ ಬಲವು ಇನ್ನೂ ಹೆಚ್ಚು. ಆಗ ಅದು ಮುಂದಿನ ಸ್ಥಿರವಾದ ಹರಿವಿನ ಬಲದ ಒಂದೂವರೆ ಪಟ್ಟು ಇರುವುದೆಂದು ಎಂಜಿನಿಯರುಗಳು ಎಣಿಸುವುದುಂಟು.

ನಾಲ್ಕನೆಯದು ತೇಲಿಬರುವ ವಸ್ತುಗಳ ಹೊಡೆತ. ಸುನಾಮಿ ಬರಿಯ ನೀರಾಗಿ ಬಹಳ ದೂರ ಸಾಗುವುದಿಲ್ಲ. ಮರದ ದಿಮ್ಮಿ, ದೋಣಿ, ಕಾರು, ಮುರಿದ ಮನೆಗಳ ತೊಲೆ, ಸರಕಿನ ಪೆಟ್ಟಿಗೆ ಎಲ್ಲವನ್ನೂ ಅದು ಹೊತ್ತು ತರುತ್ತದೆ. ಮೊದಲು ಬಿದ್ದ ಮನೆಯು ಮುಂದಿನ ಮನೆಯನ್ನು ಬೀಳಿಸುವ ಆಯುಧವಾಗುತ್ತದೆ. 500 ಕಿಲೋಗ್ರಾಂ ತೂಕದ ದಿಮ್ಮಿಯೊಂದು ಸೆಕೆಂಡಿಗೆ 5 ಮೀಟರು ವೇಗದಲ್ಲಿ ಬಂದು ಕಂಬಕ್ಕೆ ಬಡಿದು, ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ನಿಂತುಬಿಟ್ಟರೆ, ಕಂಬದ ಮೇಲೆ ಬೀಳುವ ಸರಾಸರಿ ಬಲ ಸುಮಾರು 5 ಟನ್ನು. ಅದರ ಅರ್ಧದಷ್ಟು ಕಾಲದಲ್ಲಿ ನಿಂತರೆ ಬಲ 10 ಟನ್ನು. ಬಡಿದ ವಸ್ತುಗಳು ಕಂಬಗಳ ನಡುವೆ ಸಿಕ್ಕಿಕೊಂಡರೆ ಅವು ಅಣೆಕಟ್ಟಿನಂತೆ ನೀರನ್ನು ತಡೆಯುತ್ತವೆ. ಆಗ ತೆರೆದಿದ್ದ ಕಟ್ಟಡವೂ ಮುಚ್ಚಿದ ಗೋಡೆಯಂತಾಗಿ ಅದರ ಮೇಲಿನ ಭಾರ ಹಲವು ಪಟ್ಟು ಏರುತ್ತದೆ. 2004ರಲ್ಲಿ ಬಂಡಾ ಆಚೆ ನಗರದ ಕಡಲಿನಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರಗಳಿದ್ದ ಒಂದು ಹಡಗು ನಿಂತಿತ್ತು. ಅದರ ತೂಕ ಸುಮಾರು 2,600 ಟನ್ನು. ಸುನಾಮಿಯು ಅದನ್ನು ಎರಡು ಕಿಲೋಮೀಟರಿಗೂ ಹೆಚ್ಚು ದೂರ ಒಳನಾಡಿಗೆ ಹೊತ್ತೊಯ್ದು ಮನೆಗಳ ನಡುವೆ ಇಳಿಸಿತು. ಆ ಹಡಗು ಇಂದಿಗೂ ಅಲ್ಲಿಯೇ ಸ್ಮಾರಕವಾಗಿ ಉಳಿದಿದೆ.

ಐದನೆಯದು ಕಣ್ಣಿಗೆ ಕಾಣದ ಶತ್ರು. ಅದು ತಳಪಾಯದ ಕೊರೆತ. ಕಟ್ಟಡದ ಮೂಲೆಗಳನ್ನು ಸುತ್ತುವರಿದು ಹರಿಯುವಾಗ ನೀರಿನ ವೇಗ ಹೆಚ್ಚುತ್ತದೆ; ಸುಳಿಗಳೇಳುತ್ತವೆ. ಅವು ಬುಡದ ಮರಳನ್ನೂ ಮಣ್ಣನ್ನೂ ಅಗೆದು ಒಯ್ಯುತ್ತವೆ. ಕಟ್ಟಡವು ಎಷ್ಟೇ ಬಲವಾಗಿದ್ದರೂ ನಿಂತ ನೆಲವೇ ಇಲ್ಲವಾದರೆ ವಾಲಿ ಬೀಳುತ್ತದೆ. ಕರ್ನಾಟಕದ ಕರಾವಳಿಯ ಜನರು ಮಳೆಗಾಲದಲ್ಲಿ ಕಾಣುವ ಕಡಲ್ಕೊರೆತವು ಇದರ ನಿಧಾನವಾದ ರೂಪ. ಸುನಾಮಿಯಲ್ಲಿ ಅದು ನಿಮಿಷಗಳಲ್ಲಿ ನಡೆದುಹೋಗುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಒಳನುಗ್ಗಿದ ನೀರು ಕಡಲಿಗೆ ಹಿಂದಿರುಗಲೇಬೇಕು. ಇಳಿಜಾರಿನ ನೆಲದಲ್ಲಿ ಈ ಹಿಮ್ಮರಳುವ ಪ್ರವಾಹವು ಬಂದ ಪ್ರವಾಹದಷ್ಟೇ ಭಯಂಕರವಾಗಿರಬಹುದು. ಮುಂದಿನಿಂದ ಬಂದ ನೂಕಿನಿಂದ ದುರ್ಬಲಗೊಂಡ ಕಟ್ಟಡವನ್ನು ಅದು ಹಿಂದಿನಿಂದ ತಳ್ಳುತ್ತದೆ. ಅಲ್ಲದೆ ಸುನಾಮಿ ಒಂದೇ ಅಲೆಯಲ್ಲ. ಒಂದರ ಹಿಂದೆ ಒಂದು ಬರುವ ಅಲೆಗಳ ಸಾಲು. ಮೊದಲನೆಯದಕ್ಕಿಂತ ಎರಡನೆಯದೋ ಮೂರನೆಯದೋ ದೊಡ್ಡದಾಗಿರಬಹುದು.

ಜಪಾನ್ ದೇಶದ ಈಶಾನ್ಯ ಕರಾವಳಿಯಲ್ಲಿ 2011ನೆಯ ಇಸವಿ ಮಾರ್ಚ್ 11ರಂದು ಸಂಭವಿಸಿದ ಮಹಾ ಸುನಾಮಿಯು ಈ ಎಲ್ಲ ಬಲಗಳಿಗೂ ಸಾಕ್ಷಿಯನ್ನು ಒದಗಿಸಿತು. ಒನಗಾವಾ ಎಂಬ ಪಟ್ಟಣದಲ್ಲಿ ಎರಡು ಅಂತಸ್ತಿನ ಒಂದು ಪೊಲೀಸು ಠಾಣೆಯಿತ್ತು. ಉಕ್ಕಿನ ಸರಳುಗಳನ್ನು ಹಾಕಿ ಕಾಂಕ್ರೀಟಿನಿಂದ ಕಟ್ಟಿದ ಕಟ್ಟಡವದು. ಅದು ಒಡೆಯಲಿಲ್ಲ, ಆದರೆ ಇಡಿಯಾಗಿ ಬುಡಸಮೇತ ಪಕ್ಕಕ್ಕೆ ಉರುಳಿತು. ಅದರ ಅಡಿಯಲ್ಲಿ ನೆಲದಾಳಕ್ಕೆ ಇಳಿಸಿದ್ದ ಕಂಬಗಳು ಕಿತ್ತುಬಂದಿದ್ದವು. ಹಿಮ್ಮರಳುವ ನೀರು ಅದನ್ನು ಉರುಳಿಸಿತೆಂದು ಭಾವಿಸಲಾಗಿದೆ. ಮೇಲಿನ ಕಟ್ಟಡ ಬಲವಾಗಿದ್ದರೆ ಸಾಲದು, ನೆಲದೊಡನೆ ಅದರ ಬಂಧವೂ ಬಲವಾಗಿರಬೇಕು ಎಂಬ ಪಾಠವನ್ನು ಈ ಕಟ್ಟಡ ಕಲಿಸಿತು.

ಅದೇ ಕರಾವಳಿಯ ಮಿನಾಮಿಸಾನ್ರಿಕು ಎಂಬ ಪಟ್ಟಣದ ಕಥೆ ಇನ್ನೂ ಮನಕಲಕುವಂಥದು. ಅಲ್ಲಿ ವಿಪತ್ತಿನ ಕಾಲದಲ್ಲಿ ಜನರಿಗೆ ಎಚ್ಚರಿಕೆ ನೀಡುವುದಕ್ಕಾಗಿಯೇ ಮೂರು ಅಂತಸ್ತಿನ ಕಚೇರಿಯೊಂದಿತ್ತು. ಅದರ ಎತ್ತರ ಸುಮಾರು 12 ಮೀಟರು. ಅಂದು ಅಲ್ಲಿಯ ನೌಕರರು ಕಡಲು ಊರೊಳಗೆ ನುಗ್ಗುವವರೆಗೂ ಧ್ವನಿವರ್ಧಕದ ಮೂಲಕ ಎತ್ತರದ ಸ್ಥಳಗಳಿಗೆ ಓಡಿರೆಂದು ಜನರನ್ನು ಎಚ್ಚರಿಸುತ್ತಲೇ ಇದ್ದರು. ನೀರು ಕಟ್ಟಡದ ಮಾಳಿಗೆಯನ್ನೂ ಮೀರಿ ಏರಿತು. ಗೋಡೆಗಳೆಲ್ಲ ಹಾರಿಹೋಗಿ ಕೆಂಪು ಬಣ್ಣದ ಉಕ್ಕಿನ ಚೌಕಟ್ಟು ಮಾತ್ರ ನಿಂತಿತು. ಮಾಳಿಗೆಗೆ ಏರಿದ್ದವರಲ್ಲಿ ಕೆಲವರಷ್ಟೇ ಬದುಕಿದರು. ನೌಕರರೂ ಸೇರಿ 43 ಮಂದಿ ಅಲ್ಲಿ ಪ್ರಾಣ ತೆತ್ತರು. ಅವರ ದನಿಯನ್ನು ಕೇಳಿ ಗುಡ್ಡವೇರಿದ ಜನರು ಉಳಿದುಕೊಂಡರು. ಅದೇ ಊರಿನಲ್ಲಿ ಕಡಲಿಗೆ ಸಮೀಪವಾಗಿಯೇ ಇದ್ದ ನಾಲ್ಕು ಅಂತಸ್ತಿನ ಸಮಾರಂಭ ಮಂದಿರದಲ್ಲಿ ಅಂದು ವೃದ್ಧರ ಕಾರ್ಯಕ್ರಮವೊಂದು ನಡೆದಿತ್ತು. ಮನೆಗೆ ಹೊರಟ ವೃದ್ಧರನ್ನು ಅಲ್ಲಿಯ ಸಿಬ್ಬಂದಿಯವರು ತಡೆದು ಮಾಳಿಗೆಗೆ ಹತ್ತಿಸಿದರು. ನೀರು ಮಾಳಿಗೆಯ ಮಟ್ಟವನ್ನು ಮುಟ್ಟಿ ಇಳಿಯಿತು. 327 ಮಂದಿ ಬದುಕಿದರು. ಎರಡು ಕಟ್ಟಡಗಳೂ ನಿಂತವು. ಒಂದು ಜನರನ್ನು ಉಳಿಸಲಾರದೆ ಹೋಯಿತು, ಇನ್ನೊಂದು ಉಳಿಸಿತು. ಅವುಗಳ ನಡುವಿನ ವ್ಯತ್ಯಾಸ ಎತ್ತರದ್ದು. ಕಟ್ಟಡ ನಿಲ್ಲುವುದು ಬೇರೆ, ಅದರಲ್ಲಿರುವವರು ಬದುಕುವುದು ಬೇರೆ ಎಂಬುದು ಇದರಿಂದ ತಿಳಿಯುತ್ತದೆ.

ಎಷ್ಟೇ ಗಟ್ಟಿಯಾದ ಕಟ್ಟಡಕ್ಕೂ ಒಂದು ಮಿತಿಯುಂಟು. ಅಲಾಸ್ಕಾದ ಯೂನಿಮಾಕ್ ದ್ವೀಪದಲ್ಲಿ ಸ್ಕಾಚ್ ಕ್ಯಾಪ್ ಎಂಬಲ್ಲಿ 1940ರಲ್ಲಿ ಕಾಂಕ್ರೀಟಿನ ಒಂದು ದೀಪಸ್ತಂಭವನ್ನು ಕಟ್ಟಲಾಗಿತ್ತು. 1946ರ ಏಪ್ರಿಲ್ 1ರಂದು ಬಂದ ಸುನಾಮಿಯ ಅಲೆ 30 ಮೀಟರಿಗಿಂತಲೂ ಎತ್ತರಕ್ಕೆ ಏರಿ ಆ ದೀಪಸ್ತಂಭವನ್ನು ಒರೆಸಿಹಾಕಿತು. ಅದರಲ್ಲಿದ್ದ ಐವರೂ ಮೃತರಾದರು. ಅದರ ಹಿಂದಿನ ದಿಬ್ಬದ ಮೇಲಿದ್ದ ರೇಡಿಯೋ ಕೇಂದ್ರದವರು ಮಾತ್ರ ಬದುಕಿ ಉಳಿದರು. ಆದುದರಿಂದ ಹೇಗೆ ಕಟ್ಟಬೇಕು ಎನ್ನುವುದಕ್ಕಿಂತ ಎಲ್ಲಿ ಕಟ್ಟಬೇಕು ಎಂಬುದೇ ಮೊದಲ ಪ್ರಶ್ನೆ. ಜಪಾನಿನ ಅನೆಯೋಶಿ ಎಂಬ ಪುಟ್ಟ ಹಳ್ಳಿಯವರು ಇದನ್ನು ಕಷ್ಟದಿಂದ ಕಲಿತಿದ್ದರು. 1933ರ ಸುನಾಮಿಯ ಬಳಿಕ ಅವರು ಇಳಿಜಾರಿನ ದಾರಿಯಲ್ಲಿ ಒಂದು ಶಿಲಾಫಲಕವನ್ನು ನಿಲ್ಲಿಸಿ, ಇದಕ್ಕಿಂತ ಕೆಳಗೆ ಮನೆಗಳನ್ನು ಕಟ್ಟಬಾರದೆಂದು ಕೆತ್ತಿಸಿದರು. ಮುಂದಿನ ಪೀಳಿಗೆಗಳು ಆ ಮಾತನ್ನು ಪಾಲಿಸಿದವು. 2011ರ ಅಲೆ ಕಲ್ಲಿನ ಸಮೀಪದವರೆಗೆ ಬಂದು ಕೆಳಗೆಯೇ ನಿಂತಿತು. ಮೇಲಿದ್ದ ಮನೆಗಳು ಉಳಿದವು.

ಆದರೆ ಎಲ್ಲರೂ ಕಡಲನ್ನು ಬಿಟ್ಟು ದೂರ ಹೋಗುವುದು ಸಾಧ್ಯವಿಲ್ಲ. ಬೆಸ್ತನಿಗೆ ದೋಣಿ ಹತ್ತಿರವಿರಬೇಕು. ಬಂದರಿಗೆ ಗೋದಾಮು ಬೇಕು. ಸಮೀಪದಲ್ಲಿ ಗುಡ್ಡವೇ ಇಲ್ಲದ ಊರುಗಳೂ ಇವೆ. ಅಂತಹ ಕಡೆ ಬಲಗಳನ್ನು ಲೆಕ್ಕ ಹಾಕಿ ಕಟ್ಟಿದ ಎತ್ತರವಾದ ಕಟ್ಟಡವೇ ಗುಡ್ಡದ ಕೆಲಸವನ್ನು ಮಾಡಬೇಕಾಗುತ್ತದೆ. ಇಂತಹ ಕಟ್ಟಡದ ಲಕ್ಷಣಗಳು ಮೇಲಿನ ವಿವರಣೆಯಿಂದಲೇ ಹೊರಡುತ್ತವೆ. ಅದರ ಕಂಬಗಳೂ ತೊಲೆಗಳೂ ಉಕ್ಕಿನಿಂದ ಬಿಗಿದು ಒಂದಾಗಿರಬೇಕು. ಒಂದು ಕಂಬ ಮುರಿದರೂ ಅದರ ಭಾರವನ್ನು ಉಳಿದವು ಹೊರುವಂತಿರಬೇಕು. ಕೆಳಗಿನ ಅಂತಸ್ತು ನೀರಿಗೆ ತೆರೆದಿರಬೇಕು. ಅಲ್ಲಿ ಗೋಡೆಗಳಿದ್ದರೂ ಅವು ನೀರಿನ ಹೊಡೆತಕ್ಕೆ ಸುಲಭವಾಗಿ ಕಳಚಿಹೋಗಿ ಕಂಬಗಳನ್ನು ಉಳಿಸುವಂತಿರಬೇಕು. ತಳಪಾಯವು ಕೊರೆತಕ್ಕೆ ಎಟುಕದಷ್ಟು ಆಳಕ್ಕೆ ಇಳಿದಿರಬೇಕು. ಜನರು ನಿಲ್ಲುವ ಮಾಳಿಗೆಯು ನಿರೀಕ್ಷಿತ ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. ಇದಲ್ಲದೆ ಸುನಾಮಿಗೆ ಮೊದಲು ಬರುವ ಭೂಕಂಪವನ್ನೂ ಅದು ತಾಳಿಕೊಂಡಿರಬೇಕು.

ಈಗ ಲಾಂಪೂಕಿನ ಮಸೀದಿಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಸುತ್ತಲಿನ ಹಗುರವಾದ ಮನೆಗಳಿಗಿಂತ ಅದರ ಕಂಬಗಳು ದಪ್ಪವಾಗಿದ್ದವು. ಕಂಬಗಳ ನಡುವೆ ವಿಶಾಲವಾದ ತೆರಪುಗಳಿದ್ದವು. ನೀರು ಆ ತೆರಪುಗಳಲ್ಲಿ ನುಗ್ಗಿ ಹಾದುಹೋಯಿತು. ನಡುವಣ ಗೋಡೆಗಳು ಒಡೆದು ನೀರಿಗೆ ಇನ್ನಷ್ಟು ದಾರಿ ಮಾಡಿಕೊಟ್ಟವು. ಒಳಗೂ ಹೊರಗೂ ನೀರು ತುಂಬಿದುದರಿಂದ ಒತ್ತಡದ ಅಂತರ ತಗ್ಗಿತು. ಕೆಲವು ಕಂಬಗಳು ಹೋದರೂ ಉಳಿದವು ಛಾವಣಿಯನ್ನು ಹೊತ್ತು ನಿಂತವು. ಗೋಡೆಗಳನ್ನು ಬಿಟ್ಟುಕೊಟ್ಟುದರಿಂದಲೇ ಕಟ್ಟಡವು ಉಳಿಯಿತು ಎನ್ನಬಹುದು.

ಈ ಅರಿವು ಇಂದು ನಿಯಮಗಳ ರೂಪವನ್ನು ತಾಳಿದೆ. ಅಮೆರಿಕದಲ್ಲಿ 2016ರ ಕಟ್ಟಡ ವಿನ್ಯಾಸದ ಮಾನದಂಡದಲ್ಲಿ ಸುನಾಮಿಯ ಬಲಗಳಿಗಾಗಿಯೇ ಮೊದಲ ಬಾರಿಗೆ ಒಂದು ಅಧ್ಯಾಯವನ್ನು ಸೇರಿಸಲಾಯಿತು. ಅದೇ ವರ್ಷ ಆ ದೇಶದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಒಕೋಸ್ಟಾ ಎಂಬ ಪ್ರಾಥಮಿಕ ಶಾಲೆಯ ಹೊಸ ಕಟ್ಟಡ ಸಿದ್ಧವಾಯಿತು. ಅದರ ವ್ಯಾಯಾಮಶಾಲೆಯ ಮಾಳಿಗೆಯನ್ನು ಸುಮಾರು ಸಾವಿರ ಮಂದಿ ಏರಿ ನಿಲ್ಲುವಂತೆ ನಿರ್ಮಿಸಲಾಗಿದೆ. ಮಕ್ಕಳು ಆಡುವ ಮನೆಯೇ ಅಲ್ಲಿ ಆಪತ್ಕಾಲದ ಆಸರೆಯಾಗಿದೆ.

ಕಟ್ಟಡಗಳ ಜೊತೆಗೆ ಮುನ್ನೆಚ್ಚರಿಕೆಯೂ ಬೇಕು. 2004ರಲ್ಲಿ ಹಿಂದೂ ಮಹಾಸಾಗರಕ್ಕೆ ಅಂತಹ ವ್ಯವಸ್ಥೆಯೇ ಇರಲಿಲ್ಲ. ಭಾರತ ಸರ್ಕಾರವು 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವನ್ನು ಸ್ಥಾಪಿಸಿತು. ಬಂಗಾಳ ಕೊಲ್ಲಿಯ ಕಡೆಗೆ ಸುಮಾತ್ರಾ ಅಂಡಮಾನುಗಳ ಭೂಕಂಪ ವಲಯವನ್ನೂ, ಅರಬ್ಬೀ ಸಮುದ್ರದ ಕಡೆಗೆ ಮಕ್ರಾನ್ ತೀರದ ವಲಯವನ್ನೂ ಅದು ಹಗಲಿರುಳೂ ಗಮನಿಸುತ್ತಿರುತ್ತದೆ. 1945ರಲ್ಲಿ ಮಕ್ರಾನಿನಲ್ಲಿ ಹುಟ್ಟಿದ ಸುನಾಮಿಯು ಮುಂಬಯಿಯವರೆಗೂ ಬಂದಿತ್ತು. ಆದುದರಿಂದ ಪಶ್ಚಿಮ ಕರಾವಳಿಯವರೂ ಈ ವಿಷಯದಲ್ಲಿ ಉದಾಸೀನರಾಗಿರುವಂತಿಲ್ಲ. ಆದರೆ ಯಂತ್ರಗಳ ಎಚ್ಚರಿಕೆಗೆ ಕಾಯುವಷ್ಟು ಸಮಯ ಎಲ್ಲ ಸಲವೂ ಇರುವುದಿಲ್ಲ. ಕಡಲತೀರದಲ್ಲಿ ಭೂಮಿ ದೀರ್ಘಕಾಲ ಜೋರಾಗಿ ನಡುಗಿದರೆ, ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂಜರಿದು ತಳ ಕಾಣಿಸಿದರೆ, ನೋಡುತ್ತ ನಿಲ್ಲದೆ ಎತ್ತರಕ್ಕೆ ಏರಬೇಕು. ಮೊದಲ ಅಲೆ ಇಳಿಯಿತೆಂದು ಕೆಳಗೆ ಬರಬಾರದು.

ಲಾಂಪೂಕಿನ ಮಸೀದಿಯನ್ನು ಅನಂತರ ದುರಸ್ತಿ ಮಾಡಲಾಯಿತು. ಸುತ್ತಲೂ ಹೊಸ ಮನೆಗಳು ಎದ್ದಿವೆ. ಆದರೆ ಮಸೀದಿಯ ಒಂದು ಮೂಲೆಯನ್ನು, ಮುರಿದ ಕಂಬಗಳೊಡನೆ, ಅಂದು ಇದ್ದಂತೆಯೇ ಉಳಿಸಿಕೊಂಡಿದ್ದಾರೆ. ಮಡಿದವರ ನೆನಪಿಗಾಗಿ ಇರುವ ಆ ಮೂಲೆಯು ನೀರಿನ ಬಲವೆಷ್ಟು ಎಂಬುದನ್ನು ಅಂದು ಹುಟ್ಟಿರದ ಮಕ್ಕಳಿಗೂ ತೋರಿಸಿಕೊಡುತ್ತಿದೆ.

ಅಭ್ಯಾಸ

1. ಸುನಾಮಿಗೂ ಗಾಳಿಯಿಂದ ಹುಟ್ಟುವ ಅಲೆಗೂ ಇರುವ ವ್ಯತ್ಯಾಸಗಳಾವುವು?
2. ನಡುಗಡಲಿನಲ್ಲಿ ತಗ್ಗಾಗಿರುವ ಅಲೆಯು ದಡದ ಬಳಿ ಎತ್ತರವಾಗುವುದೇಕೆ?
3. ನಾಲ್ಕು ಮೀಟರು ಉದ್ದದ ಗೋಡೆಯ ಹೊರಗೆ ಎರಡು ಮೀಟರು ನೀರು ನಿಂತಿದೆ, ಒಳಗೆ ನೀರಿಲ್ಲ. ಗೋಡೆಯನ್ನು ತಳ್ಳುವ ಬಲವೆಷ್ಟು?
4. ಒನಗಾವಾ ಪಟ್ಟಣದ ಪೊಲೀಸು ಠಾಣೆ ಒಡೆಯದೆ ಉರುಳಿತು. ಇದಕ್ಕೆ ಕಾರಣವಾಗಿರಬಹುದಾದ ಬಲಗಳನ್ನು ವಿವರಿಸಿರಿ.
5. ‘ಕಟ್ಟಡ ನಿಲ್ಲುವುದು ಬೇರೆ, ಅದರಲ್ಲಿರುವವರು ಬದುಕುವುದು ಬೇರೆ.’ ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.
6. ಲಾಂಪೂಕಿನ ಮಸೀದಿ ಉಳಿದುದಕ್ಕೆ ಕಾರಣಗಳನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.